ಕೆಂಪು ಕುಂಡಕ್ಕೆ ಕೆಂಪು ಬಣ್ಣ

ಮಂತ್ರಿಗಳು ಬರುತ್ತಾರೆಂಬ ಸುದ್ದಿ ಬಂತೆಂದರೆ ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಎಚ್ಚರಾಗುವುದು ಹೂಕುಂಡಗಳು. ವರ್ಷವಿಡೀ ಎಲೆಯಡಿಕೆಯ ಉಗುಳನ್ನೂ ಬೀಡಿ ತುಂಡನ್ನೂ ತಾಳಿಕೊಂಡು ಮೂಲೆ ಹಿಡಿದಿದ್ದವು, ರಾತ್ರಿ ಬೆಳಗಾಗುವುದರೊಳಗೆ ಮೈಗೆ ಕಾವಿ, ಕಂಠಕ್ಕೆ ಬಿಳಿ ಪಟ್ಟಿ ಬಳಿಸಿಕೊಂಡು ಮೆಟ್ಟಿಲಿನ ಎರಡೂ ಕಡೆ ಸಾಲಾಗಿ ನಿಲ್ಲುತ್ತವೆ. ಸುಟ್ಟ ಮಣ್ಣಿನ ಕುಂಡ ಹುಟ್ಟಾ ಕೆಂಪು. ಕೆಂಪಗಿರುವುದಕ್ಕೆ ಮತ್ತೆ ಕೆಂಪು ಬಳಿಯಬೇಕೆಂದು ಮೊದಲು ಹೊಳೆದದ್ದು ಯಾರಿಗೋ! ಯಾರಿಗೇ ಹೊಳೆದಿರಲಿ, ಬಿಲ್ಲು ಮಾತ್ರ ಸಲೀಸಾಗಿ ಪಾಸಾಗಿರಬೇಕು.

ಮನೆಗಳಲ್ಲಿ ಈ ಉತ್ಸಾಹಕ್ಕೆ ಮಂತ್ರಿಗಳು ಬೇಕಿಲ್ಲ, ಬೇಸಿಗೆ ರಜೆ ಸಾಕು. ನಮ್ಮ ಅತ್ತಿಗೆ ಈ ಸಲ ಮಕ್ಕಳನ್ನು ಮೊಬೈಲಿನಿಂದ ಬಿಡಿಸಲು ಕುಂಡಗಳಿಗೆ ಬಣ್ಣ ಹಾಕಿಸುವ ಯೋಜನೆ ಹಾಕಿದರು. 'ಖರ್ಚೇನಿಲ್ಲಪ್ಪ, ಒಂದು ಕುಂಡಕ್ಕೆ ಐವತ್ತು ರೂಪಾಯಿ' ಎಂದರು. ಆ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕುಂಡದ ಹಿಂದೆ ಅಕ್ರಿಲಿಕ್ ಬಾಟಲಿಗಳು ಬಂದವು, ಅವುಗಳ ಹಿಂದೆ ದಪ್ಪ-ಸಣ್ಣ ಬ್ರಷ್ಷುಗಳು, ಉಪ್ಪುಕಾಗದ, ಪ್ರೈಮರ್, ಕೊನೆಗೆ ಹೊಳಪಿಗೆಂದು ವಾರ್ನಿಷ್. ಕೊನೆಯಲ್ಲಿ ನೋಡಿದರೆ ಇಡೀ ವ್ಯವಹಾರದಲ್ಲಿ ಅಗ್ಗವಾದದ್ದು ಕುಂಬಾರನ ಕೈಕೆಲಸವೊಂದೇ. ಕೆಳಗೆ ಹಾಸಿದ ಪೇಪರು ಪುಕ್ಕಟೆಯೇ. ಅದು ಅಣ್ಣ ಇನ್ನೂ ಓದಿರದ ಆವತ್ತಿನ ಪೇಪರು ಎನ್ನುವುದನ್ನು ಬಿಟ್ಟರೆ.

ಚಿತ್ರ ಯಾವುದು ಎಂಬ ಚರ್ಚೆಯೇ ಆಗಲಿಲ್ಲ. ಕುಂಡ ಎಂದಮೇಲೆ ವಾರ್ಲಿ. ಮಹಾರಾಷ್ಟ್ರದ ಠಾಣೆ, ಪಾಲ್ಘರ್ ಕಡೆಯ ಬುಡಕಟ್ಟಿನವರು ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೆಯುತ್ತಿದ್ದ ಚಿತ್ರ ಅದು. ಜಿವ್ಯಾ ಸೋಮಾ ಮಶೆಯವರು ಅದನ್ನು ಕಾಗದಕ್ಕೆ ತಂದು ಲೋಕಕ್ಕೆ ತೋರಿಸಿದರು, 2011ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಈಗ ಆ ತ್ರಿಕೋನ ಮೈಯ ಜನ ಬೆಂಗಳೂರಿನ ಬಾಲ್ಕನಿಗಳಲ್ಲಿ ಕ್ರೋಟನ್ ಗಿಡದ ಕೆಳಗೆ ಕೈಕೈ ಹಿಡಿದು ಕುಣಿಯುತ್ತಿದ್ದಾರೆ. ಕುಂಡ ದುಂಡಗಿರುವುದರಿಂದ ಒಂದು ತೊಡಕುಂಟು. ಮೊದಲಿನವನಿಂದ ಹೊರಟ ಸಾಲು ಸುತ್ತಿ ಬಂದು ಅವನನ್ನೇ ಸೇರುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ನಮ್ಮ ಮನೆಯ ಕುಂಡದಲ್ಲಿ ಕೊನೆಯವನಿಗೆ ಒಂದೇ ಕಾಲು. ಪಾಪ, ಅವನೂ ಕುಣಿಯುತ್ತಿದ್ದಾನೆ.

'ನಮ್ಮದೇ ಹಸೆ ಚಿತ್ತಾರ ಇದೆಯಲ್ಲ ಅತ್ತಿಗೆ' ಎಂದೆ. 'ಅದಕ್ಕೆ ಗೆರೆ ನೆಟ್ಟಗೆ ಬರಬೇಕು, ನೀನು ಎಳಿತೀಯಾ?' ಎಂದರು. ನಾನು ಕಾಫಿ ಕುಡಿಯಲು ಒಳಗೆ ಹೋದೆ. ಆದರೂ ಅಗ್ಗದ ಮಾತು ಬಂದರೆ ಆ ಚಿತ್ತಾರ ಬರೆಯುವ ಸಾಗರದ ಕಡೆಯ ದೀವರ ಹೆಂಗಸರನ್ನು ನೆನೆಯದೆ ಇರುವುದು ಹೇಗೆ? ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರುಗಿ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಂಗಡಿಯವನಿಗೆ ಒಂದು ಬಿಡಿಗಾಸೂ ಸಿಕ್ಕುವುದಿಲ್ಲ. ಮದುವೆ ಮನೆಗೆ ಕುಂಬಾರರಲ್ಲಿಂದ ಬರುವ ಅರಿವೇಣಿ ಮಡಕೆಗಳು, ದೀಪಾವಳಿಯಲ್ಲಿ ನೀರು ತುಂಬುವ ಹಂಡೆ, ಅಂಗಳದ ತುಳಸಿ ಕಟ್ಟೆ ಎಲ್ಲವೂ ಸುಣ್ಣ-ಕೆಮ್ಮಣ್ಣಿನ ಗೆರೆಗಳಲ್ಲೇ ಸಿಂಗಾರಗೊಂಡವು. ಒಂದು ಮಳೆಗೆ ಅಳಿಸಿದರೂ ಯಾರೂ ಅಳಲಿಲ್ಲ. ಮುಂದಿನ ಹಬ್ಬ ಇದ್ದೇ ಇತ್ತು.

ಅಕ್ರಿಲಿಕ್ ಅಳಿಸುವುದಿಲ್ಲ, ಏಳುತ್ತದೆ. ಸುಟ್ಟ ಮಣ್ಣಿನ ಮೈತುಂಬ ಕಣ್ಣಿಗೆ ಕಾಣದ ತೂತು. ಗಿಡಕ್ಕೆ ಹಾಕಿದ ನೀರು ಒಳಗಿನಿಂದ ಜಿನುಗಿ ಹೊರಮೈಯಲ್ಲಿ ಆರುತ್ತದೆ. ಬೇಸಿಗೆಯಲ್ಲಿ ಬೇರು ತಂಪಾಗಿರುವುದು ಅದರಿಂದಲೇ. ನಮ್ಮದೋ ಬೋರ್‌ವೆಲ್ ನೀರು. ಅದರ ಉಪ್ಪು ಹೊರಕ್ಕೆ ಬಂದು, ಬಣ್ಣದ ಪದರ ಅಡ್ಡ ಸಿಕ್ಕಾಗ ಅದರ ಹಿಂದೆಯೇ ಬಿಳಿ ಪುಡಿಯಾಗಿ ಕೂತು, ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಎರಡನೇ ತಿಂಗಳಲ್ಲಿ ಒಂಟಿ ಕಾಲಿನವನ ತಲೆಯೂ ಹೋಯಿತು. ಬಲ್ಲವರು ಹೇಳುವ ಉಪಾಯ ಎರಡು. ಒಂದು, ಕುಂಡವನ್ನು ಚೆನ್ನಾಗಿ ಒಣಗಿಸಿ ಒಳಮೈಗೂ ನೀರು ಇಳಿಯದ ಲೇಪ ಕೊಡುವುದು. ಹಾಗೆ ಮಾಡಿದರೆ ಕುಂಡ ಉಸಿರಾಡುವುದಿಲ್ಲ, ಪ್ಲಾಸ್ಟಿಕ್ಕಿನ ತಮ್ಮನಾಗುತ್ತದೆ. ನೀರೂ ಅಳೆದು ಹಾಕಬೇಕು. ಇನ್ನೊಂದು, ಕಂಠಕ್ಕಷ್ಟೇ ಬಣ್ಣ ಹಾಕಿ ಹೊಟ್ಟೆಯನ್ನು ಅದರ ಪಾಡಿಗೆ ಬಿಡುವುದು. ನನ್ನ ಓಟು ಇದಕ್ಕೆ. ಅತ್ತಿಗೆ ಕಂಡುಕೊಂಡದ್ದು ಮೂರನೆಯದು: ಒಳ್ಳೆಯ ಕುಂಡಗಳನ್ನು ಹಾಲಿನಲ್ಲಿಟ್ಟು ಕಾಗದದ ಹೂ ಸಿಕ್ಕಿಸಿದರು. ನಿಜವಾದ ಗಿಡಗಳು ಮೊದಲಿನಂತೆ ಪೇಂಟ್ ಡಬ್ಬಗಳಲ್ಲೇ ಬೆಳೆಯುತ್ತಿವೆ.

ಉಳಿದದ್ದು ಒಂದು ಕುಂಡ. ಅದಕ್ಕೆ ಮಕ್ಕಳು ದೊಡ್ಡ ಕಣ್ಣು, ಹಲ್ಲು, ಮೀಸೆ ಬರೆದು, ತಲೆಗೂದಲಿಗೆಂದು ನಿಂಬೆಹುಲ್ಲು ನೆಟ್ಟು ಗೇಟಿನ ಕಂಬದ ಮೇಲಿಟ್ಟರು. ಈಗ ಅದೇ ಫ್ಯಾಶನ್ನಂತೆ. ಪಕ್ಕದ ಮನೆ ಕೆಲಸಕ್ಕೆ ಬರುವ ಅಜ್ಜಿ ಹಳ್ಳಿಯವರು. ಹೊಲದ ಬೆರ್ಚಪ್ಪನ ತಲೆಗೆ ಮಸಿ ಹಿಡಿದ ಮಡಕೆ ಬೋರಲು ಹಾಕಿ ಸುಣ್ಣದ ಬೊಟ್ಟಿಡುವುದನ್ನು ಕಂಡವರು. ಗೇಟಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೂ ನೋಡಿ, 'ಒಳ್ಳೇ ಕೆಲಸ ಮಾಡಿದ್ರಿ ಕಣವ್ವ, ನಿಮ್ಮನೆ ಮ್ಯಾಲೆ ಜನದ ಕಣ್ಣು ಜಾಸ್ತಿ ಇತ್ತು' ಎಂದರು.

ಅತ್ತಿಗೆ ಏನೂ ಹೇಳಲಿಲ್ಲ. ಕುಂಡವನ್ನೂ ತೆಗೆಸಲಿಲ್ಲ. ಸಂಜೆ ಬ್ರಷ್ಷು ಹಿಡಿದು ಬಂದು ಮೀಸೆಯನ್ನು ಒಂದಿಷ್ಟು ದಪ್ಪ ಮಾಡಿದರು.