0.7 ಮಿಲಿಮೀಟರಿನ ಮೀಮಾಂಸೆ

ಟೇಬಲ್ ಟೆನಿಸ್ ಬ್ಯಾಟಿನ ಮರದ ಹಲಗೆ, ಅಂದರೆ ಬ್ಲೇಡಿನ ವಿಚಾರದಲ್ಲಿ ವಾದ ಹೂಡುವವರು ಮೊದಲು ಪ್ರಮಾಣಗ್ರಂಥಕ್ಕೆ ತಲೆಬಾಗಬೇಕು. ಅದು ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ನಿನ ನಿಯಮಾವಳಿ. ಬ್ಲೇಡಿನ ಗಾತ್ರ, ಆಕಾರ, ತೂಕ ಎಷ್ಟಾದರೂ ಇರಲಿ, ಅದು ಚಪ್ಪಟೆಯಾಗಿ ಗಟ್ಟಿಯಾಗಿರಬೇಕು, ದಪ್ಪದಲ್ಲಿ ಶೇ 85ರಷ್ಟಾದರೂ ಸಹಜ ಮರವಿರಬೇಕು ಎಂಬುದು ಅಲ್ಲಿನ ವಿಧಿ. ಈ ಲಕ್ಷಣವನ್ನು ಅಕ್ಷರಶಃ ಹಿಡಿದು ಹೊರಟರೆ ಅಡುಗೆಮನೆಯ ಚಪಾತಿ ಮಣೆಯೂ ಬ್ಲೇಡೇ. ಮರದ ಪಾಲಿನಲ್ಲಂತೂ ಅದಕ್ಕೆ ನೂರಕ್ಕೆ ನೂರು. ಮಣೆಯಲ್ಲಿ ಇಲ್ಲದ್ದು ಬ್ಲೇಡಿನಲ್ಲಿ ಏನಿದೆ ಎಂದು ಕೇಳಿದರೆ ಅಂಗಡಿಯವರು ದನಿ ತಗ್ಗಿಸಿ ‘ಕಾರ್ಬನ್’ ಎನ್ನುತ್ತಾರೆ. ಆ ಕಾರ್ಬನ್ ಎಷ್ಟಿದೆ, ಎಷ್ಟು ದುಡ್ಡಿಗೆ ತಕ್ಕುದು ಎಂಬುದೇ ಇಲ್ಲಿನ ಜಿಜ್ಞಾಸೆ.

ನಿಯಮಾವಳಿಯ ಪ್ರಕಾರ ಕಾರ್ಬನ್ನಿನಂಥ ನಾರಿನ ಒಂದು ಪದರ ಒಟ್ಟು ದಪ್ಪದ ಶೇ 7.5 ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟುವಂತಿಲ್ಲ. 6 ಮಿ.ಮೀ. ದಪ್ಪದ ಬ್ಲೇಡಿನಲ್ಲಿ ಶೇ 7.5 ಎಂದರೆ 0.45, ಆದ್ದರಿಂದ 0.35ಕ್ಕೇ ಗೆಲುವು. ಎರಡು ಪದರ ಸೇರಿ ಹೆಚ್ಚೆಂದರೆ 0.7 ಮಿ.ಮೀ. ಉಳಿದದ್ದು ಮರ, ಮರ ಮತ್ತು ಮರ. ಸುಪ್ರಸಿದ್ಧ ವಿಸ್ಕರಿಯಾ ಬ್ಲೇಡನ್ನೇ ಬಿಡಿಸಿ ನೋಡಿ: ಹೊರಗೆ ಕೋಟೊ ಮರ, ಅದರಡಿ ಆರಿಲೇಟ್-ಕಾರ್ಬನ್ ನಾರು, ಆಮೇಲೆ ಲಿಂಬಾ ಮರ, ನಟ್ಟನಡುವೆ ಹಗುರವಾದ ಕಿರಿ ಮರ. ಇದೇ ಬಗೆಯ ಜೋಡಣೆಯನ್ನು ಯಿನ್ಹೆ, ಲೋಕಿಯಂಥ ಚೀನೀ ಕಂಪನಿಗಳು ಎಷ್ಟೋ ಕಡಿಮೆ ಬೆಲೆಗೆ ಕೊಡುತ್ತವೆ. ಅಂದಮೇಲೆ ಸಾವಿರಾರು ರೂಪಾಯಿಗಳ ಈ ವ್ಯಾಜ್ಯ ನಡೆದಿರುವುದೆಲ್ಲ 0.7 ಮಿ.ಮೀ.ನೊಳಗೆ. ರಬ್ಬರು ಅಂಟಿಸಿದ ಮೇಲೆ ಅದರ ದರ್ಶನ ಅಂಚಿನ ಎರಡು ಕಪ್ಪು ಗೆರೆಗಳಲ್ಲಿ ಮಾತ್ರ. ಎಡ್ಜ್ ಟೇಪ್ ಸುತ್ತಿದರೆ ಅದೂ ಇಲ್ಲ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಮಹಿಮೆಯಿರುವುದೇ ಆ 0.7ರಲ್ಲಿ, ನಾರು ಬ್ಲೇಡನ್ನು ಬಿಗಿಗೊಳಿಸಿ ಚೆಂಡಿಗೆ ವೇಗ ಕೊಡುತ್ತದೆ, ಹೊಡೆತ ನಡುಮಧ್ಯೆ ತಗುಲದಿದ್ದರೂ ಕಾಪಾಡುತ್ತದೆ ಎನ್ನುತ್ತಾರೆ. ನಿಜವೇ. ಆದರೆ ಆ ಗುಣ ನಾರು ಎಲ್ಲಿ ಕೂತಿದೆ ಎಂಬುದನ್ನು ಅವಲಂಬಿಸಿದೆ. ಹೊರಪದರದ ಅಡಿಗೇ ಇದ್ದರೆ ಚುರುಕು ಜಾಸ್ತಿ. ತಿರುಳಿಗೆ ಒತ್ತಿಕೊಂಡಿದ್ದರೆ ಮೆಲ್ಲನೆಯ ಹೊಡೆತಕ್ಕೆ ಮರದ ಸ್ಪರ್ಶ, ಜೋರು ಹೊಡೆತಕ್ಕೆ ಕಾರ್ಬನ್ನಿನ ಸಹಾಯ. ಇದು ಬೆಲೆಪಟ್ಟಿಯಿಂದ ತಿಳಿಯುವ ಸಂಗತಿಯಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಝಾಂಗ್ ಜೀಕೆ ಚಿನ್ನ ಗೆದ್ದದ್ದು ವಿಸ್ಕರಿಯಾ ಹಿಡಿದೇ ಅಲ್ಲವೇ ಎಂದು ಇನ್ನೊಬ್ಬರು ಗದರುತ್ತಾರೆ. ಹೌದು, ಅದರ ಹಿಡಿಕೆಯ ಇನ್ನೊಂದು ತುದಿಯಲ್ಲಿ ಝಾಂಗ್ ಜೀಕೆ ಇದ್ದದ್ದೂ ದಾಖಲಾಗಿದೆ, ಆ ಭಾಗ ಮಾರಾಟಕ್ಕಿಲ್ಲ. ಸಲಕರಣೆಯೇ ಗೆಲ್ಲಿಸಿದ ಉದಾಹರಣೆ ಬೇಕಾದವರು 1952ರ ಬೊಂಬಾಯಿ ವಿಶ್ವ ಚಾಂಪಿಯನ್‌ಷಿಪ್ ನೋಡಲಿ. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟು ತಂದು ಪುರುಷರ ಸಿಂಗಲ್ಸ್ ಗೆದ್ದುಬಿಟ್ಟರು. ಚೆಂಡಿನ ಸದ್ದೇ ಕೇಳಿಸದೆ ಎದುರಾಳಿಗಳು ಕಂಗಾಲಾದರು. ಆದರೆ ಆ ಕ್ರಾಂತಿ ಆದದ್ದು ಮರದ ಮೇಲಿನ ಹೊದಿಕೆಯಲ್ಲಿ. ಹಾಗಾಗಿ ಆ ಸಾಕ್ಷ್ಯ ನಮ್ಮ ಪಕ್ಷಕ್ಕೇ ಬಂತು: ಬ್ಲೇಡಿನಲ್ಲಿ ಉಳಿಸಿದ ದುಡ್ಡು ರಬ್ಬರಿಗೆ ಹೋಗಲಿ.

ಅಗ್ಗದ ಬ್ಲೇಡಿನ ಮೇಲೆ ಒಂದು ಆಕ್ಷೇಪ ಮಾತ್ರ ನಿಲ್ಲುತ್ತದೆ: ಒಂದೇ ಮಾದರಿಯ ಎರಡು ಬ್ಲೇಡುಗಳ ತೂಕ ಒಂದೇ ಇರುವುದಿಲ್ಲ. ಒಂದು 84 ಗ್ರಾಂ ಇದ್ದರೆ ಪಕ್ಕದ್ದು 92 ಇದ್ದೀತು. ಎರಡು ರಬ್ಬರು ಸೇರಿ ಮತ್ತೆ 90–100 ಗ್ರಾಂ ಏರುವುದರಿಂದ ಮಣಿಕಟ್ಟಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಇದಕ್ಕೆ ಪರಿಹಾರ ತತ್ತ್ವಶಾಸ್ತ್ರದಲ್ಲಿಲ್ಲ, ತಕ್ಕಡಿಯಲ್ಲಿದೆ. ತೂಗಿಸಿಯೇ ಕೊಳ್ಳಬೇಕು. ಅಲ್ಲಿಂದಾಚೆ ಬ್ಲೇಡನ್ನು ಕೈಗೆ ಒಗ್ಗಿಸುವ ಸಂಸ್ಕಾರಗಳು. ಹಿಡಿಕೆ ಅಗಲವಾಗಿ ಹರಡುವಲ್ಲಿ, ತೋರುಬೆರಳೂ ಹೆಬ್ಬೆರಳ ಸಂದೂ ಒತ್ತುವ ಕಡೆ, ಅಗ್ಗದ ಬ್ಲೇಡಿನ ಅಂಚು ಸಾಮಾನ್ಯವಾಗಿ ಚೂಪು. ನಯವಾದ ಸ್ಯಾಂಡ್‌ಪೇಪರ್ ಹಿಡಿದು, ನಾಲ್ಕು ಸಲ ಉಜ್ಜಿ ಒಮ್ಮೆ ಹಿಡಿದು ನೋಡಿ, ಮತ್ತೆ ಉಜ್ಜಿ, ದುಂಡಗಾಗಿಸಬೇಕು. ಎಳೆಯ ದಿಕ್ಕಿಗೇ ಉಜ್ಜಬೇಕು. ಚೆಂಡು ಹೊಡೆಯುವ ಮುಖಕ್ಕೆ ಕಾಗದ ತಾಗಕೂಡದು, ಹೊರಪದರ ಅಷ್ಟು ತೆಳು. ಆಮೇಲೆ ಮುಖಕ್ಕೆ ತೆಳ್ಳಗೆ ಒಂದೇ ಕೋಟು ವಾರ್ನಿಷ್. ಇಲ್ಲದಿದ್ದರೆ ಹಳೆಯ ರಬ್ಬರು ಕೀಳುವಾಗ ಮರದ ಸಿಬಿರುಗಳೂ ಎದ್ದು ಬರುತ್ತವೆ. ತಲೆಭಾಗ ಭಾರವೆನಿಸಿದರೆ ಹಿಡಿಕೆಯ ಬುಡಕ್ಕೆ ಸೀಸದ ಟೇಪಿನ ತುಣುಕು ಅಂಟಿಸಿ ಸಮತೋಲ ತರಬಹುದು. ಒಟ್ಟು ತೂಕ ಹೆಚ್ಚುತ್ತದೆ ಎಂಬ ನೆನಪಿರಲಿ.

ಇಷ್ಟೆಲ್ಲ ಉಜ್ಜಿದ ಬ್ಲೇಡನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಯಾರಾದರೂ ಎಚ್ಚರಿಸಬಹುದು. ಆ ಮಾತಿಗೆ ಈ ಪ್ರಬಂಧದಲ್ಲಿ ಉತ್ತರವಿಲ್ಲ. ಆದ್ದರಿಂದ ಓದುಗರು ಸ್ಯಾಂಡ್‌ಪೇಪರ್ ಕೈಗೆತ್ತಿಕೊಳ್ಳುವ ಮುನ್ನ ಒಂದೆರಡು ವಾರ ಆಡಿ ನೋಡಲಿ.