ದ್ವಾರೋದ್ಘಾಟನ ಮೀಮಾಂಸೆ: ಕಚೇರಿ ಫೋನಿನ ಏಕಮುಖ ಶ್ರವಣದ ತಾತ್ವಿಕ ನೆಲೆಗಳು

ಕಚೇರಿಯ ಇಂಟರ್ನೆಟ್ ಫೋನು ಗಂಟೆ ಹೊಡೆಯುತ್ತದೆ; ಎತ್ತಿದರೆ ನಿಶ್ಶಬ್ದ. ಸದರಿ ವಿದ್ಯಮಾನವನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ, ತನ್ಮೂಲಕ ಸಮಸ್ಯೀಕರಿಸುವ ವಿನಮ್ರ ಯತ್ನವೇ ಪ್ರಸ್ತುತ ಸಂಪ್ರಬಂಧ. ಪರಿಹಾರ ಸೂಚಿಸುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಈ ಅಧ್ಯಯನ ವಿಧಾನವನ್ನು ಸಹಾಯವಾಣಿಗಳಿಂದ ಎರವಲು ಪಡೆಯಲಾಗಿದೆ.

ಮೂಲಗ್ರಂಥಗಳೆರಡು, ಎರಡೂ ಇಂಟರ್ನೆಟ್ಟಿನ ತಾಂತ್ರಿಕ ದಸ್ತಾವೇಜುಗಳು. 1996ರ ಆರ್‌ಎಫ್‌ಸಿ 1918ರ ಪ್ರಕಾರ 192.168 ಗೋತ್ರದ ವಿಳಾಸಗಳಿಗೆ ಕಚೇರಿಯ ಹೊಸಿಲಾಚೆ ಅಸ್ತಿತ್ವವಿಲ್ಲ. ಕರೆ ಕೂಡಿಸುವ ಸಿಪ್ ಸಂಹಿತೆ 2002ರ ಆರ್‌ಎಫ್‌ಸಿ 3261ರಲ್ಲಿದೆ. ಇವೆರಡಕ್ಕೂ ಕೂಡಿಬರುವುದಿಲ್ಲ. ರೂಟರ್‌ನ ನ್ಯಾಟ್ ಎಂಬ ವಿಳಾಸ ಬದಲಿಸುವ ವ್ಯವಸ್ಥೆ ಲಕೋಟೆಯ ಮೇಲಿನ ವಿಳಾಸವನ್ನಷ್ಟೇ ತಿದ್ದುತ್ತದೆ. ಒಳಗಿನ ಕಾಗದದಲ್ಲಿ ಫೋನು ‘ದನಿಯನ್ನು 192.168.1.20ಕ್ಕೆ ಕಳಿಸಿ’ ಎಂದೇ ಬರೆದಿರುತ್ತದೆ. ಆಚೆಯವರು ವಿಧೇಯರಾಗಿ ಕಳಿಸುತ್ತಾರೆ. ಅದು ಎಲ್ಲಿಗೂ ತಲುಪುವುದಿಲ್ಲ.

ದ್ವಾರಗಳು, ಅಂದರೆ ಪೋರ್ಟುಗಳು, ಚತುರ್ವಿಧ. ಆವಾಹನ ದ್ವಾರ, ಯುಡಿಪಿ 5060. ಗೂಢಾವಾಹನ ದ್ವಾರ, 5061. ನಾದ ದ್ವಾರ, ಆಸ್ಟರಿಸ್ಕ್ ಎಂಬ ಎಕ್ಸ್‌ಚೇಂಜ್ ತಂತ್ರಾಂಶದ ಪಂಥದ ರೂಢಿಯಂತೆ 10000ದಿಂದ 20000. ನಾಲ್ಕನೆಯದು ಇಲ್ಲ, ವರ್ಗೀಕರಣವೆಂದರೆ ನಾಲ್ಕಾದರೂ ಇರಬೇಕೆಂಬ ವಿದ್ವತ್ ಶಿಷ್ಟಾಚಾರಕ್ಕಾಗಿ ಹೇಳಿದ್ದು, ಬಿಡಿ.

ಇನ್ನು ಪೂರ್ವಪಕ್ಷ. ಇಂಟರ್ನೆಟ್ ಕಂಪನಿಯ ಪಂಥ: ‘ನಮ್ ಕಡೆಯಿಂದ ಲೈನ್ ಕ್ಲಿಯರ್ ಇದೆ ಸಾರ್.’ ಫೋನು ಮಾರಿದವರ ಪಂಥ: ‘ನೆಟ್‌ವರ್ಕ್ ಇಶ್ಯೂ ಸಾರ್.’ ಮೂರನೆಯದು ರೀಸ್ಟಾರ್ಟ್‌ವಾದಿಗಳದು. ಅವರೊಂದಿಗೆ ವಾದವೇ ಸಾಧ್ಯವಿಲ್ಲ, ಮಾತಿನ ನಡುವೆಯೇ ಅವರು ಪ್ಲಗ್ ಕಿತ್ತಿರುತ್ತಾರೆ.

ಸಿಪ್ ಎಎಲ್‌ಜಿ ಎಂಬುದೊಂದಿದೆ. ಒಳಗಿನ ಕಾಗದವನ್ನೂ ತಿದ್ದಿಕೊಡುತ್ತೇನೆಂದು ಹೊರಟು ಕರೆಯನ್ನೇ ಕೆಡಿಸುವ ಈ ಪರೋಪಕಾರಿ, ಎಷ್ಟೋ ರೂಟರ್‌ಗಳಲ್ಲಿ ಹುಟ್ಟಿನಿಂದಲೇ ಜಾಗೃತ. ತೆಗೆಯಬೇಕಾದದ್ದು ಒಂದು ಟಿಕ್. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಕಂಪನಿಯವರ ಬಳಿ ಇದೆ. ಅವರು ಕೊಡುವುದಿಲ್ಲ, ಪಾಲಿಸಿ. ಹೋಗಲಿ, ರೂಟರ್‌ನ ಹೊರಮುಖದ ವಿಳಾಸವೇ 100.64ರಿಂದ 100.127ರ ನಡುವಿನದಾಗಿದ್ದರೆ? ಆಗ ಕಂಪನಿಯವರದೇ ಇನ್ನೊಂದು ನ್ಯಾಟ್‌ನೊಳಗೆ ನೀವಿದ್ದೀರಿ. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನ ಕರೆ ಅಲ್ಲಿಯವರೆಗೆ ಬರುವುದೇ ಇಲ್ಲ. ಗೊತ್ತಿದ್ದೂ ‘5060 ಓಪನ್ ಮಾಡಿ ನೋಡಿ ಸಾರ್’ ಅನ್ನುತ್ತಾರಲ್ಲ, ಅದಕ್ಕೆ ಏನೆನ್ನಬೇಕು? ಜಗತ್ತಿಗೆಲ್ಲ ತೆರೆದಿಟ್ಟ 5060ನ್ನು ಹುಡುಕಿಕೊಂಡು ಬರುವ ಕಳ್ಳರು ನಿಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಮಾಡಬಲ್ಲರು. ಅನುಮತಿ ಕೊಟ್ಟರೆ ಸೇವೆ ಕೊಡುವವರ ವಿಳಾಸಕ್ಕಷ್ಟೇ ಕೊಡಬೇಕು. ಇದನ್ನೂ ಯಾರೂ ಹೇಳುವುದಿಲ್ಲ. ಎಕ್ಸ್‌ಚೇಂಜ್ ಪೆಟ್ಟಿಗೆ ಕಚೇರಿಯೊಳಗೆ ಇರದೆ, ಫೋನೇ ಹೊರಗಿನ ಸರ್ವರ್‌ಗೆ ನೋಂದಾಯಿಸಿಕೊಳ್ಳುವುದಾದರೆ, ಬಹುಪಾಲು ಯಾವ ಪೋರ್ಟನ್ನೂ ತೆರೆಯಬೇಕಿಲ್ಲ ಎಂಬುದನ್ನಂತೂ ಮೊದಲೇ ಹೇಳುವುದಿಲ್ಲ.

ಸಿದ್ಧಾಂತಪಕ್ಷವನ್ನು ಇಲ್ಲಿ ಮಂಡಿಸಬೇಕಿತ್ತು. ಮನಸ್ಸಿಲ್ಲ. ಈ ದೋಷದಲ್ಲಿ ಒಳಗಿನವರ ದನಿ ಹೊರಗೆ ಕೇಳುತ್ತದೆ, ಹೊರಗಿನವರದು ಒಳಗೆ ಕೇಳುವುದಿಲ್ಲ. ಅಂದರೆ ಫ್ರಂಟ್ ಆಫೀಸಿನ ಹೆಣ್ಣುಮಗಳು ‘ಹಲೋ, ಹಲೋ, ಹೇಳಿ ಸಾರ್’ ಎನ್ನುತ್ತಲೇ ಇರುತ್ತಾಳೆ. ಗಿರಾಕಿ ಆಗಲೇ ಎಲ್ಲ ಹೇಳಿಯಾಗಿದೆ. ಬೇಕೆಂದೇ ಕಿವುಡಿಯ ನಾಟಕ ಆಡುತ್ತಾಳೆಂದು ಅವನು ಮ್ಯಾನೇಜರ್‌ಗೆ ದೂರುತ್ತಾನೆ. ಮೆಮೋ ಬರುವುದು ಪಾಸ್‌ವರ್ಡ್ ಬಚ್ಚಿಟ್ಟವರಿಗಲ್ಲ, ಅವಳಿಗೆ. ಜೊತೆಗೆ ಮೌಖಿಕ ಆದೇಶ: ಕಸ್ಟಮರ್ ಕೇರ್‌ಗೆ ನೀನೇ ಕಾಲ್ ಮಾಡಿ ಸರಿಮಾಡಿಸು, ಇದೇ ಫೋನಿಂದ.