ಕಟ್ಟು ಬಿಗಿದದ್ದು ಯಾವಾಗ?

ಮಳೆ ಹಿಡಿಯುವ ಮುಂಚೆ ಊರಿಗೆ ಹೋದಾಗ ದಣಪೆಯ ಹತ್ತಿರ ಒಂದು ಗಂಟೆ ನಿಲ್ಲುವುದು ನನ್ನ ರೂಢಿ. ಆಚೆ ಬದಿಗೆ ನೆರೆಮನೆಯ ಹೆಗಡೇರು ಕವಳದ ಸಂಚಿ ಹಿಡಿದು ಬಂದರೆಂದರೆ ಮಾತಿಗೆ ಬರವಿಲ್ಲ. ಈ ಸಲ ಅವರ ಕಾಲಬುಡದಲ್ಲಿ ನಾಲ್ಕು ಅಡಿಕೆ ಮರದ ತುಂಡು ಬಿದ್ದಿದ್ದವು. ಹಳ್ಳದ ಸಂಕ ಹೊಸದಾಗಿ ಹಾಕಬೇಕಂತೆ.

"ಅಲ್ಲ ತಮಾ, ಬೆಂಗಳೂರಲ್ಲಿ ಕಂಪ್ಯೂಟರಿನ ಎದುರು ಕೂತು ಸೇತುವೆ ಮಾಡ್ತೀನಿ ಅಂತೀಯಲ್ಲ, ಅದು ಹೇಗೆ?" ಎಂದರು.

"ನೀವು ಸಂಕ ಹಾಕಿದ ಹಾಗೇ, ಹೆಗಡೇರೇ. ಈ ನಾಲ್ಕು ಮರ ಬಿಡಿಬಿಡಿಯಾಗಿ ಇಟ್ಟು ಒಂದರ ಮೇಲೆ ಕಾಲಿಟ್ಟರೆ?"

"ಅದೊಂದೇ ಬಗ್ಗುತ್ತದೆ. ಅದಕ್ಕೇ ಅಡ್ಡಕ್ಕೆ ಗೂಟ ಕೊಟ್ಟು ಬಳ್ಳಿಯಲ್ಲಿ ಬಿಗಿಯುವುದು. ಆಗ ನಾಲ್ಕೂ ಸೇರಿ ಹೊರುತ್ತವೆ."

ನಮ್ಮ ಕೆಲಸದ ಅರ್ಧ ಅಷ್ಟರಲ್ಲೇ ಮುಗಿಯಿತು. ಯಾರ್ಡಿನಲ್ಲಿ ಮೊದಲೇ ಎರಕ ಹೊಯ್ದು, ಕ್ರೇನಿನಲ್ಲಿ ಎತ್ತಿ ಕಂಬಗಳ ಮೇಲೆ ಕೂರಿಸುವ ಕಾಂಕ್ರೀಟ್ ಗರ್ಡರುಗಳೇ ನಮ್ಮ ಅಡಿಕೆ ಮರ. ಮೇಲಿನ ಸ್ಲ್ಯಾಬು, ಅಡ್ಡ ಗೋಡೆಯಂಥ ಡಯಾಫ್ರಮ್ಮು ನಮ್ಮ ಗೂಟ, ಬಳ್ಳಿ. ಕಂಪ್ಯೂಟರಿನಲ್ಲಿ ಪ್ರತಿ ಗರ್ಡರಿಗೆ ಉದ್ದಕ್ಕೊಂದು ಗೆರೆ, ಸ್ಲ್ಯಾಬಿಗೆ ಅಡ್ಡಗೆರೆ ಎಳೆದು ಜಾಲರಿ ಮಾಡುತ್ತೇವೆ. ಇದನ್ನು ಗ್ರಿಲೇಜ್ ಎನ್ನುತ್ತಾರೆ. ಹ್ಯಾಂಬ್ಲಿ ಎಂಬ ಇಂಗ್ಲಿಷ್ ಎಂಜಿನಿಯರ್ 1976ರಲ್ಲಿ ಸೇತುವೆಯ ಡೆಕ್ಕಿನ ನಡವಳಿಕೆ ಕುರಿತು ಬರೆದ ಪುಸ್ತಕ ಈ ವಿದ್ಯೆಯನ್ನು ಎಷ್ಟು ಜನಕ್ಕೆ ಕಲಿಸಿದೆಯೋ! ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 70ಆರ್ ಗಾಲಿವಾಹನ ಅಂದರೆ 100 ಟನ್. ಅದು ಬದಿಗೆ ಸರಿದು ಹೋದಾಗ ಯಾವ ಗರ್ಡರಿನ ಪಾಲಿಗೆ ಎಷ್ಟು ಬಂತು ಎಂದು ಈ ಜಾಲರಿ ಹೇಳುತ್ತದೆ.

ನಿಜವಾದ ಕಷ್ಟ ಇರುವುದು ಉದ್ದಕ್ಕೆ ಜೋಡಿಸುವಲ್ಲಿ.

ಫ್ಲೈಓವರ್ ಮೇಲೆ ಬಸ್ಸು ಹೋಗುವಾಗ ಕಂಬಕ್ಕೊಂದು ಸಲ ದಡಕ್ ಎನ್ನುತ್ತದಲ್ಲ, ಅದು ಎರಡು ಸ್ಲ್ಯಾಬುಗಳ ನಡುವಿನ ಸಂದು, ಎಕ್ಸ್‌ಪಾನ್ಷನ್ ಜಾಯಿಂಟು. ಅಲ್ಲಿಂದ ಇಳಿದ ಮಳೆನೀರು ಗರ್ಡರಿನ ತುದಿಯನ್ನೂ ಅದರಡಿಯ ಬೇರಿಂಗನ್ನೂ ಹಾಳುಮಾಡುತ್ತದೆ. ಹಾಗಾಗಿ ಎದುರುಬದುರು ಗರ್ಡರುಗಳ ತುದಿಗಳನ್ನು ಕಂಬದ ಮೇಲೆ ಕಾಂಕ್ರೀಟು ಹಾಕಿ ಒಂದು ಮಾಡುತ್ತಾರೆ. ದಡಕ್ ಕಡಿಮೆ, ಸೋರಿಕೆ ಕಡಿಮೆ. ಆದರೆ ಈ ಜೋಡಣೆ ಆಗುವುದು ಕೊನೆಗೆ. ಗರ್ಡರು ಕೂತಾಗ ಅದು ಎರಡು ತುದಿಯ ಮೇಲೆ ನಿಂತ ಒಂಟಿ ತೊಲೆ. ತನ್ನ ಭಾರವನ್ನೂ ಮೇಲೆ ಸುರಿದ ಹಸಿ ಸ್ಲ್ಯಾಬಿನ ಭಾರವನ್ನೂ ಒಂಟಿಯಾಗಿಯೇ ಹೊತ್ತಿರುತ್ತದೆ. ಜೋಡಣೆ ಗಟ್ಟಿಯಾದ ಮೇಲೆ ಬರುವ ಡಾಂಬರು, ತಡೆಗೋಡೆ, ವಾಹನಗಳಿಗೆ ಮಾತ್ರ ಅದು ಸಾಲುಸೇತುವೆ.

"ಕಂಪ್ಯೂಟರಿಗೆ ಅದು ಗೊತ್ತಾಗೋದಿಲ್ಲವಾ?" ಎಂದು ಹೆಗಡೇರು ಕೇಳಿದರು.

ಹೇಳದಿದ್ದರೆ ಗೊತ್ತಾಗುವುದಿಲ್ಲ. ಇದನ್ನು ದಣಪೆಯ ಗಳದ ಮೇಲೆ ಇದ್ದಿಲಿನಲ್ಲಿ ಬರೆದೇ ತೋರಿಸಿದೆ. ಕಂಬದಿಂದ ಕಂಬಕ್ಕೆ 30 ಮೀಟರಿನ ಎರಡು ಅಂಕಣ, ಮೀಟರಿಗೆ 4 ಟನ್ ಭಾರ ಅಂತಿಟ್ಟುಕೊಳ್ಳಿ. ಒಂಟಿ ತೊಲೆಯ ನಡುವೆ ಬಾಗಿಸುವ ಜೋರು, ನಾವು ಮೊಮೆಂಟ್ ಎನ್ನುವುದು, ಭಾರ ಗುಣಿಸು ಉದ್ದದ ವರ್ಗ, ಭಾಗಿಸು 8. ಅಂದರೆ 450 ಟನ್-ಮೀಟರ್. ಅದೇ ಭಾರವನ್ನು ಆಗಲೇ ಜೋಡಿಸಿದ ಎರಡಂಕಣದ ತೊಲೆಯ ಮೇಲೆ ಹಾಕಿದರೆ ಅಂಕಣದೊಳಗಿನ ಅತಿ ಹೆಚ್ಚಿನ ಮೊಮೆಂಟು ಸುಮಾರು 253. ಮುಗಿದ ಸೇತುವೆಯ ಚಿತ್ರ ಬರೆದು ಎಲ್ಲ ಭಾರವನ್ನೂ ಒಂದೇ ಸಲ ಹೇರಿದವರಿಗೆ ಸಿಗುವುದು ಈ 253. ಗರ್ಡರು ಹೊತ್ತದ್ದು 450. ಅದೂ ಸಾಲದ್ದಕ್ಕೆ, ಆ ಚಿತ್ರ ಕಂಬದ ಮೇಲೆ ತೋರಿಸುವ, ನಿಜದಲ್ಲಿ ಬಾರದೇ ಇದ್ದ ಇನ್ನೊಂದು 450ಕ್ಕೆ ಕಬ್ಬಿಣ ಸುರಿಯುತ್ತಾರೆ. ಇಂಥ ಲೆಕ್ಕ ನನ್ನ ಮೇಜಿಗೆ ಬಂದಿದೆ, ವಾಪಸ್ ಕಳಿಸಿದ್ದೇನೆ. ಚಿತ್ರ ಚೆಂದವಾಗಿತ್ತು, ಬಣ್ಣಬಣ್ಣದ ನಕಾಶೆ ಇತ್ತು. ಸೇತುವೆ ಕಟ್ಟಿದ ಕ್ರಮ ಮಾತ್ರ ಇರಲಿಲ್ಲ.

ಮಿಡಾಸ್ ಸಿವಿಲ್, ಸಿಎಸ್‌ಐ ಬ್ರಿಜ್, ಲೂಸಸ್‌ನಂಥ ತಂತ್ರಾಂಶಗಳಲ್ಲಿ ಹಂತಹಂತವಾಗಿ ಕಟ್ಟುವ ಸೌಲಭ್ಯವಿದೆ. ಅದಿಲ್ಲದಿದ್ದರೆ ಎರಡು ಮಾದರಿ ಮಾಡಿಕೊಳ್ಳಬೇಕು: ಬರೀ ಗರ್ಡರಿನದು ಒಂದು, ಸ್ಲ್ಯಾಬ್ ಸೇರಿ ಜೋಡಿಸಿದ್ದು ಇನ್ನೊಂದು. ಕೂಡಿಸಬೇಕಾದ್ದು ಒತ್ತಡಗಳನ್ನು, ಮೊಮೆಂಟುಗಳನ್ನಲ್ಲ. ಯಾಕೆಂದರೆ ಎರಡು ಹಂತದಲ್ಲಿ ಗರ್ಡರಿನ ಮೈಕಟ್ಟೇ ಬೇರೆ.

ಬೇರಿಂಗಿನದೂ ಒಂದು ಮಾತಿದೆ. ಜೋಡಿಸಿದ ಮೇಲೂ ಕಂಬದ ಮೇಲೆ ಎರಡು ಸಾಲು ರಬ್ಬರ್ ಬೇರಿಂಗ್ ಹಾಗೇ ಉಳಿದಿರುತ್ತವೆ, ಒಂದಕ್ಕೊಂದು ಹತ್ತಿರ. ಅವನ್ನು ಕಲ್ಲಿನಂತೆ ಗಟ್ಟಿ ಎಂದು ಕೊಟ್ಟರೆ ಒಂದು ಒತ್ತುತ್ತದೆ, ಇನ್ನೊಂದು ಎದ್ದುಬರುತ್ತದೆ ಎಂದು ಕಂಪ್ಯೂಟರ್ ಹೆದರಿಸುತ್ತದೆ. ರಬ್ಬರಿನ ಮೆದುತನವನ್ನು ಸ್ಪ್ರಿಂಗಾಗಿ ಕೊಟ್ಟರೆ ಆ ಹೆದರಿಕೆ ಬಹುಪಾಲು ಇಳಿಯುತ್ತದೆ.

ಹೆಗಡೇರು ಒಂದು ತುಂಡನ್ನು ಉಗುರಿನಲ್ಲಿ ಕೆರೆದು ನೋಡಿದರು. "ಇದು ಇನ್ನೂ ಹಸಿ. ಈಗಲೇ ಹಾಕಿದರೆ ಬಗ್ಗಿ ಹಾಗೇ ಕೂತುಬಿಡ್ತದೆ. ಒಣಗಲಿ."

ನಾನು ಹೇಳಬೇಕೆಂದಿದ್ದ ಕೊನೆಯ ಮಾತು ಅದೇ. ಎಳೆಯ ಕಾಂಕ್ರೀಟೂ ಹಾಗೆಯೇ. ಒಳಗಿನ ಬಿಗಿದ ತಂತಿಗಳ ಎಳೆತಕ್ಕೆ ಗರ್ಡರಿನ ಬೆನ್ನು ತಿಂಗಳುಗಟ್ಟಲೆ ನಿಧಾನವಾಗಿ ಮೇಲೇಳುತ್ತದೆ. ಇದಕ್ಕೆ ಕ್ರೀಪ್ ಎನ್ನುತ್ತಾರೆ. ಎಳೆಯ ಗರ್ಡರುಗಳನ್ನು ಆತುರದಲ್ಲಿ ಜೋಡಿಸಿದರೆ ಬೆನ್ನು ಏಳುವಾಗ ತುದಿಗಳು ತಿರುಗಲು ಹೊರಡುತ್ತವೆ, ಜೋಡಣೆ ಬಿಡುವುದಿಲ್ಲ, ಅದರ ತಳದಲ್ಲಿ ಬಿರುಕು. ಸ್ಲ್ಯಾಬು ಕುಗ್ಗುವುದು ಇದಕ್ಕೆ ಎದುರು ದಿಕ್ಕಿನಲ್ಲಿ ಎಳೆಯುತ್ತದೆ. ಅಮೆರಿಕದಲ್ಲಿ 2004ರಲ್ಲಿ ಬಂದ ಎನ್‌ಸಿಎಚ್‌ಆರ್‌ಪಿ ಹೆದ್ದಾರಿ ಸಂಶೋಧನೆಯ 519ನೇ ವರದಿ ಇದೇ ಜೋಡಣೆಯ ಬಗೆಗಿನದು. ಜೋಡಿಸುವಾಗ ಗರ್ಡರಿಗೆ 90 ದಿನ ತುಂಬಿದ್ದರೆ ತುದಿ ತಿರುಗದಂತೆ ತಡೆದಾಗ ಹುಟ್ಟುವ ಈ ಮೊಮೆಂಟಿನ ಲೆಕ್ಕ ಬೇಡ ಎಂದು ಅಲ್ಲಿನ ಆಶ್ಟೊ ಸೇತುವೆ ಸಂಹಿತೆ ಹೇಳುತ್ತದೆ. ಹೆಗಡೇರು ಉಗುರಿನಲ್ಲಿ ಕೆರೆದು ನೋಡುವುದನ್ನು ಅವರು ದಿನ ಎಣಿಸಿ ನೋಡುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಲ್ಲಿ ನನ್ನದೊಂದೇ ಕೇಳಿಕೆ. ಲೆಕ್ಕ ಶುರುಮಾಡುವ ಗುಂಡಿ ಒತ್ತುವ ಮುಂಚೆ ಸೈಟಿಗೆ ಒಂದು ಫೋನ್ ಮಾಡಿ. ಗರ್ಡರಿಗೆ ಎಷ್ಟು ದಿನವಾಯಿತು, ಸ್ಲ್ಯಾಬು ಮೊದಲೋ ಡಯಾಫ್ರಮ್ ಮೊದಲೋ, ಕಟ್ಟು ಬಿಗಿದದ್ದು ಯಾವಾಗ ಎಂದು ಕೇಳಿ. ಆಮೇಲೆ ಒಂಟಿ ತೊಲೆಯ ಲೆಕ್ಕವನ್ನು ಕೈಯಲ್ಲೇ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ. ಕಂಪ್ಯೂಟರಿನ ಮೊದಲ ಹಂತದ ಉತ್ತರ ಅದಕ್ಕೆ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ.